ನುಂಗದ ಬಣ್ಣ

ನನ್ನದು ಅನುಮಾನದ ಸ್ವಭಾವ. ಇದನ್ನು ನಾನು ಮುಚ್ಚಿಡುವುದಿಲ್ಲ, ಏಕೆಂದರೆ ಮುಚ್ಚಿಟ್ಟರೆ ನೀವು ಅನುಮಾನ ಪಡುತ್ತೀರಿ. ಹಾಲಿನವನು ನನ್ನ ಕಣ್ಣೆದುರಿಗೇ ಎಮ್ಮೆ ಕಟ್ಟಿ ನನ್ನ ಚೊಂಬಿಗೇ ಹಾಲು ಕರೆದುಕೊಟ್ಟರೂ, ಎಮ್ಮೆ ಈ ಬೆಳಿಗ್ಗೆ ಎಷ್ಟು ನೀರು ಕುಡಿದಿತ್ತು ಎಂದು ಕೇಳುವವನು ನಾನು. ಅಂಗಡಿಯವನು ತಕ್ಕಡಿಗೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದರೆ ಖುಷಿಯಾಗುವ ಬದಲು ಅಕ್ಕಿಯನ್ನು ಮೂಸಿ ನೋಡುತ್ತೇನೆ. ದಾರಿಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ ಮೇಷ್ಟ್ರೆ" ಎಂದು ನಕ್ಕು ಮುಂದೆ ಹೋದರೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮನೆ ಮುಟ್ಟುವವರೆಗೂ ಲೆಕ್ಕ ಹಾಕುತ್ತೇನೆ. ನನ್ನ ಹೆಂಡತಿ ಜಾನಕಿ ಇದಕ್ಕಾಗಿ ನನ್ನನ್ನು ಸಿ.ಐ.ಡಿ. ಎಂದು ಕರೆಯುತ್ತಾಳೆ. ಮದುವೆಯಲ್ಲಿ ಅಂತರಪಟ ಸರಿಸಿದಾಗ ನಾನು ಅವಳ ಮುಖ ನೋಡದೆ ಹಿಂದೆ ಇನ್ನೊಬ್ಬಳು ಹುಡುಗಿ ನಿಂತಿದ್ದಾಳೆಯೇ ಎಂದು ಇಣುಕಿದೆನಂತೆ. ಇದು ಅವಳು ಹೇಳುವ ಮಾತು. ಎಷ್ಟು ನಿಜವೋ ನನಗೆ ಅನುಮಾನವಿದೆ.

ಅನುಮಾನದ ಮನುಷ್ಯನಿಗೆ ಕೆಲವು ನಿಯಮಗಳಿರುತ್ತವೆ. ನನ್ನ ಮೊದಲನೆಯ ನಿಯಮ, ಎಲ್ಲ ಸಾಮಾನನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಬಾರದು. ಒಂದೇ ಕಡೆ ಕೊಂಡರೆ ಅವನು ಪೂರ್ತಿಯಾಗಿ ಮೋಸ ಮಾಡುತ್ತಾನೆ. ನಾಲ್ಕು ಕಡೆ ಕೊಂಡರೆ ನಾಲ್ವರೂ ಸ್ವಲ್ಪ ಸ್ವಲ್ಪ ಮಾಡಿ ಸುಮ್ಮನಾಗುತ್ತಾರೆ. ಸಾರಿಗೆ ಬೇಳೆ ಒಂದಂಗಡಿ, ಹುಣಸೆಹಣ್ಣು ಇನ್ನೊಂದಂಗಡಿ. ನಮ್ಮ ಮನೆಯ ಸಾರು ಕುಡಿದ ಯಾರೂ ಇದುವರೆಗೆ ಸತ್ತಿಲ್ಲವಾದ್ದರಿಂದ ಈ ನಿಯಮ ಸರಿಯೆಂದೇ ನಾನು ತಿಳಿದಿದ್ದೆ. ಸಾರಿಗೆ ಆದ ನಿಯಮ ಬಣ್ಣಕ್ಕೂ ವಾರ್ನಿಷಿಗೂ ಆಗಲೇಬೇಕೆಂದಿಲ್ಲ ಎನ್ನುವುದು ಗೊತ್ತಾಗುವ ಹೊತ್ತಿಗೆ ನನ್ನ ನೌಕರಿಯೇ ಹೋಗುವುದರಲ್ಲಿತ್ತು.

ಆಗ ಕೊಡಗು ಇನ್ನೂ ಬೇರೆಯೇ ರಾಜ್ಯ. ಬೆರಳಲ್ಲಿ ಎಣಿಸುವಷ್ಟು ಮಂತ್ರಿಗಳು, ಒಬ್ಬರು ಚೀಫ್ ಕಮಿಷನರು, ಒಂದು ಅಸೆಂಬ್ಲಿ. ದೊಡ್ಡ ರಾಜ್ಯಗಳಲ್ಲಿ ಇರುವುದೆಲ್ಲ ನಮ್ಮಲ್ಲೂ ಇತ್ತು, ಸ್ಕೇಲು ಮಾತ್ರ ಚಿಕ್ಕದು. ಮಡಿಕೇರಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಊರು ಹಾಸನದ ಕಡೆಯ ಅರಕಲಗೂಡು. ಕೆಲಸ ಟೆಂಪರರಿ. ಈ ಟೆಂಪರರಿ ಎಂಬ ಪದದ ಕಷ್ಟವನ್ನು ನನಗಿಂತ ಹೆಚ್ಚು ಉಂಡವಳು ಜಾನಕಿ. ಅವಳ ರುಬ್ಬುವ ಕಲ್ಲು ಅರಕಲಗೂಡಿನಲ್ಲೇ ಉಳಿದುಬಿಟ್ಟಿತ್ತು. ಅಷ್ಟು ಭಾರದ ಕಲ್ಲನ್ನು ಬಸ್ಸಿನ ಮೇಲೆ ಹೇರಿಸಿ ತಂದಮೇಲೆ ಶಾಲೆಯವರು ಹೋಗಿ ಬನ್ನಿ ಎಂದರೆ ಮತ್ತೆ ಹೇರಿಸಬೇಕಲ್ಲ. ಹೀಗಾಗಿ ದೋಸೆಗೆ ನೆನೆಹಾಕಿದಾಗಲೆಲ್ಲ ಅವಳು ಪಕ್ಕದ ಮನೆಯ ಹಿತ್ತಿಲಿಗೆ ಹೋಗಿ, ಅವರು ರುಬ್ಬಿ ಮುಗಿಸುವವರೆಗೆ ಕಾದು, ಅವರ ಸೊಸೆಯ ಮೇಲಿನ ದೂರುಗಳನ್ನೆಲ್ಲ ಕೇಳಿ, ಅಕ್ಕಿ ರುಬ್ಬಿಕೊಂಡು ಬರಬೇಕಿತ್ತು. "ಖಾಯಂ ಆಗ್ಲಿ, ಕಲ್ಲು ತರ್ಸೋಣ" ಎಂದು ನಾನು ಹೇಳುತ್ತಿದ್ದೆ. "ನಾನೇ ಕಲ್ಲಾಗ್ತೀನಿ ಅಷ್ಟರಲ್ಲಿ" ಎಂದು ಅವಳು ಹೇಳುತ್ತಿದ್ದಳು.

ಆ ವರ್ಷ ಕಮಿಟಿಯವರು ಒಂದು ಹುದ್ದೆಯನ್ನು ಖಾಯಂ ಮಾಡುತ್ತಾರೆಂದು ಗೊತ್ತಾಯಿತು. ಒಂದೇ ಒಂದು. ಅದು ಡ್ರಾಯಿಂಗಿಗೋ ಕ್ರಾಫ್ಟಿಗೋ ಎನ್ನುವುದು ಮಾತ್ರ ತೀರ್ಮಾನವಾಗಿರಲಿಲ್ಲ. ಡ್ರಾಯಿಂಗು ಎಂದರೆ ನಾನು. ಕ್ರಾಫ್ಟು ಎಂದರೆ ಬೆಳ್ಯಪ್ಪ ಮೇಷ್ಟ್ರು. ಭಾಗಮಂಡಲದ ಕಡೆಯವರು, ಮನೆಮಾತು ಅರೆಭಾಷೆ, ಅವರ ಬಾಯಲ್ಲಿ 'ಉಂಟು' ಎಂಬುದು 'ಉಟ್ಟು', ಮಾತು ಕಡಿಮೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಎಲ್ಲರಿಗೂ ಒಳ್ಳೆಯವರು. ಎಲ್ಲರಿಗೂ ಒಳ್ಳೆಯವರಾಗಿರುವ ಮನುಷ್ಯನನ್ನು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಅವರು ಸ್ಟಾಫ್ ರೂಮಿನಲ್ಲಿ ಬಾಳೆಹಣ್ಣು ಹಂಚಿದರೆ ನಾನು ನನ್ನ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು, ಉಳಿದವರು ತಿಂದು ಸ್ವಲ್ಪ ಹೊತ್ತಾದ ಮೇಲೆ ಸುಲಿಯುತ್ತಿದ್ದೆ.

ಕಮಿಟಿಯ ಅಧ್ಯಕ್ಷರು ಉತ್ತಯ್ಯನವರು, ಗಾಳಿಬೀಡಿನಲ್ಲಿ ಕಾಫಿ ಎಸ್ಟೇಟು ಇಟ್ಟುಕೊಂಡಿದ್ದ ಸಾಹುಕಾರರು. ಗಣರಾಜ್ಯ ದಿನಕ್ಕೆ ಮಡಿಕೇರಿಯಲ್ಲಿ ಫಲಪುಷ್ಪ ಪ್ರದರ್ಶನ. ಚೀಫ್ ಕಮಿಷನರು ಬಂದು ನೋಡುತ್ತಾರೆ. ಅಲ್ಲಿ ಎಲ್ಲರೂ ಇಡುವ ಕಿತ್ತಳೆಹಣ್ಣು, ಕುಂಬಳಕಾಯಿ ಬಿಟ್ಟು ತಮ್ಮ ಎಸ್ಟೇಟಿನದೇ ಒಂದು ಮಾಡೆಲ್ ಇಡಬೇಕೆಂದು ಉತ್ತಯ್ಯನವರಿಗೆ ಆಸೆಯಾಯಿತು. ಬಂಗಲೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ಕೂಲಿಯವರ ಲೈನುಮನೆಗಳು, ಕಾಫಿ ಹರಡುವ ಕಣ, ಎಲ್ಲ ಅಳತೆಗೆ ಸರಿಯಾಗಿ, ಹತ್ತು ಅಡಿಗೆ ಒಂದು ಅಂಗುಲದಂತೆ. ನಮ್ಮ ಹೆಡ್‌ಮಾಸ್ಟರ್ ರಾಮರಾಯರು ಇಬ್ಬರನ್ನೂ ಕರೆದು, ಮರದ ಕೆಲಸ ಬೆಳ್ಯಪ್ಪನವರದು, ಬಣ್ಣದ ಕೆಲಸ ನನ್ನದು ಎಂದು ಹಂಚಿಕೊಟ್ಟರು. ಬೆಳ್ಯಪ್ಪನವರು ಹೊರಗೆ ಹೋದಮೇಲೆ ನಶ್ಯದ ಡಬ್ಬಿ ತಟ್ಟುತ್ತ ನನಗೆ ಹೇಳಿದರು: "ಅಧ್ಯಕ್ಷರಿಗೆ ಬಣ್ಣ ಒಪ್ಪಿಗೆಯಾದ್ರೆ ನಿಮ್ಮ ಹೆಸರು ಎತ್ತೋಕೆ ನನಗೂ ಧೈರ್ಯ ಬರುತ್ತೆ." ಇದೇ ಮಾತನ್ನು ಬಣ್ಣದ ಜಾಗದಲ್ಲಿ ಮರ ಎಂದು ಹಾಕಿ ಬೆಳ್ಯಪ್ಪನವರಿಗೂ ಹೇಳಿದ್ದಾರೆಂದು ನನಗೆ ತಕ್ಷಣ ಹೊಳೆಯಿತು.

ಬೆಳ್ಯಪ್ಪನವರು ಶಿವನೆ ಮರದಲ್ಲಿ ಕೆತ್ತಿಕೊಟ್ಟರು. ತಪ್ಪು ಹುಡುಕಲು ಅಳತೆಪಟ್ಟಿ ಹಿಡಿದು ಕೂತೆ, ಸಿಗಲಿಲ್ಲ. ಬಂಗಲೆಯ ಕಿಟಕಿಗೆ ಕಡ್ಡಿಗಾತ್ರದ ಸರಳು, ಪಲ್ಪರ್ ಮನೆಗೆ ತಿರುಗುವ ಚಕ್ರ. ಇಷ್ಟು ಚೆನ್ನಾಗಿ ಮಾಡಿ ಯಾಕೆ ಕೊಟ್ಟರು? ಮರ ಇಷ್ಟು ಚೆನ್ನಾಗಿದ್ದು ಬಣ್ಣ ಕೆಟ್ಟರೆ ತಪ್ಪೆಲ್ಲ ಬಣ್ಣದವನ ತಲೆಗೆ ಬರಲಿ ಎಂದೇ ಅಲ್ಲವೇ? ನಾನು ಮಾಡೆಲ್ಲನ್ನು ಶಾಲೆಯಲ್ಲಿ ಬಿಡದೆ ಮನೆಗೆ ಹೊತ್ತು ತಂದೆ.

ಇನ್ನು ಬಣ್ಣ. ನಾನು ಕಾಗದದ ಮೇಲೆ ನೀರುಬಣ್ಣ ಬಳಸಿದವನೇ ಹೊರತು ಮರಕ್ಕೆ ಎಣ್ಣೆಬಣ್ಣ ಹಚ್ಚಿದವನಲ್ಲ. ಇದನ್ನು ಬೆಳ್ಯಪ್ಪನವರನ್ನು ಕೇಳಬಹುದಿತ್ತು. ಕೇಳಿದರೆ ನನಗೆ ಬರುವುದಿಲ್ಲವೆಂದು ಅವರಿಗೆ ತಿಳಿಯುತ್ತದೆ. ಹಾಗಾಗಿ ಮಾರ್ಕೆಟ್ಟಿನ ಹತ್ತಿರ ಬೋರ್ಡು ಬರೆಯುವ ಪೇಂಟರ್ ಐತಪ್ಪನ ಬಳಿಗೆ ಹೋದೆ. ಮಂಗಳೂರು ಕಡೆಯವನು, ತುಳು ಮಾತಿನವನು, ಮಾತಿಗೆ ಮೊದಲು ತನ್ನನ್ನೇ ಹೊಗಳಿಕೊಳ್ಳುವವನು. ಮಡಿಕೇರಿಯ ಅರ್ಧ ಬೋರ್ಡುಗಳು ಅವನ ಕೈಯವೇ. ಬಸ್ ಸ್ಟ್ಯಾಂಡಿನ ಹತ್ತಿರದ ಡೈರಿಗೆ 'ಶುದ್ಧ ಹಾಳು ಸಿಗುತ್ತದೆ' ಎಂದು ಬರೆದವನೂ ಅವನೇ. ಊರವರು ನಕ್ಕರು. ನಾನು ಮಾತ್ರ, ಈ ಊರಿನಲ್ಲಿ ನಿಜ ಹೇಳುವ ಬೋರ್ಡು ಇದೊಂದೇ ಎಂದು ಅಲ್ಲೇ ಹಾಲು ಕೊಳ್ಳಲು ಶುರುಮಾಡಿದ್ದೆ.

ಐತಪ್ಪ ಏಣಿಯ ಮೇಲೆ ಕೂತೇ ಉಪದೇಶ ಮಾಡಿದ. "ಎಂತ ಉಂಟು ಮೇಷ್ಟ್ರೆ ಅದ್ರಲ್ಲಿ? ನಾನು ಮಂತ್ರಿಗಳ ಕಾರಿಗೇ ನಂಬರ್ ಬರ್ದವ. ಫಸ್ಟು ಎಣ್ಣೆಬಣ್ಣ ಒಂದು ಕೋಟು ಕೊಡಿ. ಲಾಯ್ಕ ನುಂಗ್ಬೇಕು. ನುಂಗದೆ ವಾರ್ನಿಷ್ ಮುಟ್ಟಿಸ್ಲಿಕ್ಕಿಲ್ಲ. ಪೂರಾ ನುಂಗಿದ ಮೇಲೆ ವಾರ್ನಿಷ್. ಕನ್ನಡಿ ಹಾಗೆ ಹೊಳೀತದೆ."

"ಒಂದು ಕೋಟು ಸಾಕೇನಪ್ಪ?" ಎಂದು ಕೇಳಿದೆ.

"ಅದು ನುಂಗುದ್ರ ಮೇಲೆ ಹೋಗ್ತದೆ ಮಾರಾಯ್ರೆ. ಕೆಲವು ಬೇಗ ನುಂಗ್ತದೆ, ಕೆಲವು ತಡ."

ನಾನು ತಲೆಯಾಡಿಸಿದೆ. ಅರ್ಥ ಸ್ಪಷ್ಟವಾಗಿತ್ತು. ಮರ ಬಣ್ಣವನ್ನು ನುಂಗಬೇಕು. ನುಂಗಿ ನುಂಗಿ ಹೊಟ್ಟೆ ತುಂಬಿ ಇನ್ನು ಬೇಡ ಎನ್ನುವವರೆಗೆ ಬಡಿಸಬೇಕು. ಅಡಿಗೆಯವರು, ಕಾಫಿಯವರು, ಕುದುರೆಯವರು ಎಲ್ಲರಿಗೂ ಅವರವರ ಭಾಷೆ ಇರುವಂತೆ ಬಣ್ಣದವರಿಗೂ ಇರುತ್ತದೆ ಎಂದುಕೊಂಡು, ಈ ಪದವನ್ನು ಸ್ಟಾಫ್ ರೂಮಿನಲ್ಲಿ ಒಂದು ಸಲ ಸಹಜವಾಗಿ ಎಂಬಂತೆ ಬಳಸಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಸಾಮಾನು ಕೊಳ್ಳುವಾಗ ನನ್ನ ನಿಯಮ ಬಿಡಲಿಲ್ಲ. ಎಣ್ಣೆಬಣ್ಣ ಮಾರ್ಕೆಟ್ಟಿನ ಕಬ್ಬಿಣದಂಗಡಿಯಲ್ಲಿ. ಆ ಅಂಗಡಿಯವನು "ಇದಕ್ಕೆ ಸರಿಹೊಂದುವ ವಾರ್ನಿಷೂ ನಮ್ಮಲ್ಲೇ ಇದೆ ಸಾರ್, ಇದೇ ಕಂಪನೀದು, ಒಟ್ಟಿಗೆ ತಗೊಳ್ಳಿ" ಎಂದ. ಒಟ್ಟಿಗೆ ಎಂದ ಕೂಡಲೇ ನನಗೆ ಅವನ ಬಣ್ಣ ತಿಳಿಯಿತು. ಅಲ್ಲಿಂದ ಎದ್ದು ಬಂದು, ಕುರ್ಚಿ ಮೇಜುಗಳಿಗೆ ಪಾಲಿಷ್ ಹಾಕುವ ಸಾಹೇಬರೊಬ್ಬರ ಹತ್ತಿರ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ವಾರ್ನಿಷ್ ತೆಗೆದುಕೊಂಡೆ. ಮನೆಗೆ ಬಂದು ಎರಡನ್ನೂ ಪರೀಕ್ಷಿಸಿದೆ. ಬಣ್ಣವನ್ನು ಬೆರಳಲ್ಲಿ ಉಜ್ಜಿ ಮೂಸಿದೆ. ಅಗಸೆ ಎಣ್ಣೆಯ ಶುದ್ಧ ವಾಸನೆ. ವಾರ್ನಿಷಿನ ಒಂದು ತೊಟ್ಟನ್ನು ತಟ್ಟೆಯಲ್ಲಿ ಹಾಕಿ ಕಡ್ಡಿ ಗೀರಿದೆ. ನೀಲಿಯಾಗಿ ಉರಿಯಿತು, ನೀರು ಬೆರೆಸಿಲ್ಲ. ಒಂದೊಂದೂ ಅಪ್ಪಟ. ಊರಿನ ನಮ್ಮ ಮನೆಯಲ್ಲಿ ನನ್ನ ಇಬ್ಬರು ಅತ್ತಿಗೆಯರೂ ಹೀಗೆಯೇ. ಒಬ್ಬೊಬ್ಬರನ್ನೇ ನೋಡಿದರೆ ಚಿನ್ನದಂಥವರು, ಒಂದು ಅಡಿಗೆಮನೆಯಲ್ಲಿ ಬಿಟ್ಟರೆ ಪಾತ್ರೆ ಉಳಿಯುವುದಿಲ್ಲ. ಈ ಅನುಭವ ಇದ್ದೂ ನನಗೆ ಎರಡನ್ನು ಒಟ್ಟಿಗೆ ಹಾಕಿ ಪರೀಕ್ಷಿಸಬೇಕೆಂದು ಹೊಳೆಯಲಿಲ್ಲ.

ಸಂಕ್ರಾಂತಿ ಕಳೆದ ಚಳಿ. ಬೆಳಿಗ್ಗೆ ಮಡಿಕೇರಿಯಲ್ಲಿ ಬಾಯಿ ತೆರೆದರೆ ಹೊಗೆ. ನಾನು ಮಾಡೆಲ್ಲಿಗೆ ಒಂದು ಕೋಟು ಹಚ್ಚಿದೆ. ಶಿವನೆ ಮರ ಮೃದು, ಗಟಗಟನೆ ಕುಡಿಯಿತು. ಸಂಜೆಗೆ ಇನ್ನೊಂದು ಕೋಟು. ಅದನ್ನೂ ಕುಡಿಯಿತು. ಹೆಂಚಿಗೆ ಕೆಂಪು, ಗೋಡೆಗೆ ಬಿಳಿ, ಬಾಗಿಲಿಗೆ ಹಸಿರು, ಬಡಿಸಿದ್ದೇ ಬಡಿಸಿದ್ದು. "ಇನ್ನೂ ನುಂಗ್ತಾನೇ ಇದೆ ಕಣೆ" ಎಂದು ಜಾನಕಿಗೆ ಹೆಮ್ಮೆಯಿಂದ ಹೇಳಿದೆ. "ಒಂದು ದಿನವಾದ್ರೂ ನನಗೆ ಹೀಗೆ ಕೂತು ಬಡಿಸಿದ್ದೀರಾ" ಎಂದು ಅವಳು ಒಳಗೆ ಹೋದಳು. ಕಣದಲ್ಲಿ ಹರಡಿದ ಕಾಫಿಗೆಂದು ಅವಳ ಡಬ್ಬಿಯಿಂದ ಒಂದು ಹಿಡಿ ಬೊಂಬಾಯಿ ರವೆ ತೆಗೆದು ಅಂಟಿಸಿದೆ. ಉಪ್ಪಿಟ್ಟಿಗೆ ರವೆ ಕಡಿಮೆಯಾದದ್ದು ಯಾಕೆ ಎಂದು ಅವಳು ಕೇಳಿದಾಗ, ಇರುವೆಗಳ ಮೇಲೆ ಅನುಮಾನ ವ್ಯಕ್ತಪಡಿಸಿದೆ.

ಇಷ್ಟೆಲ್ಲ ಮಾಡಿದ್ದನ್ನು ಬಯಲಲ್ಲಿ ಬಿಡುತ್ತಾರೆಯೇ? ಅಟ್ಟದಿಂದ ದೊಡ್ಡ ಮರದ ಪೆಟ್ಟಿಗೆ ಇಳಿಸಿ, ಮಾಡೆಲ್ಲನ್ನು ಅದರೊಳಗಿಟ್ಟು, ಚಳಿ ತಾಗದಿರಲೆಂದು ಕಂಬಳಿ ಹೊದಿಸಿ, ಬೀಗ ಹಾಕುತ್ತಿದ್ದೆ. ಹಚ್ಚುವಾಗ ಹೊರಗೆ, ಹಚ್ಚಿದ ಮೇಲೆ ಒಳಗೆ. ಒಂದು ಸಂಜೆ ಬೆಳ್ಯಪ್ಪನವರು ಬಂದರು. ಕಾರಣವಿಲ್ಲದೆ ಬಂದರು ಎನ್ನುವುದನ್ನು ನೀವು ಗಮನಿಸಬೇಕು. ಪೆಟ್ಟಿಗೆ ನೋಡಿದರು, ಬೀಗ ನೋಡಿದರು, ಮೂಗು ಅರಳಿಸಿ ವಾಸನೆ ನೋಡಿದರು.

"ಎಂತ ಮೇಷ್ಟ್ರೆ, ಬಣ್ಣಕ್ಕೆ ಪೆಟ್ಟಿಗೆ ಎಂತಕೆ? ಗಾಳಿಗೆ ಇಡಿ. ಜಗಲಿ ಮೇಲೆ ಇಟ್ಟರೆ ಆಯ್ತು. ನಿಮಗೆ ಕಾಯಿಕೆ ಪುರುಸೊತ್ತಿಲ್ಲೆ ಅಂದರೆ ನಾನು ನೋಡಿಕೊಳ್ಳುತ್ತೇನೆ."

ಜಗಲಿಯ ಮೇಲೆ ಇಡಬೇಕಂತೆ. ಇವರು ನೋಡಿಕೊಳ್ಳುತ್ತಾರಂತೆ. ಕಳ್ಳ ಬಂದು, ಸ್ವಾಮೀ ತಿಜೋರಿಗೆ ಉಸಿರು ಕಟ್ಟುತ್ತದೆ, ಸ್ವಲ್ಪ ತೆರೆದಿಡಿ ಎಂದ ಹಾಗಾಯಿತು. ನಾನು ಕಾಫಿ ಕೊಟ್ಟು ಕಳಿಸಿ, ಪೆಟ್ಟಿಗೆಗೆ ಇನ್ನೊಂದು ಬೀಗ ಹಾಕಿದೆ.

ಕೊನೆಗೆ ಮರಕ್ಕೆ ಹೊಟ್ಟೆ ತುಂಬಿತು. ಬಣ್ಣ ಮೇಲೆಯೇ ನಿಂತು ಮಿನುಗಿತು. ಇನ್ನು ನುಂಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಅರಗಿನ ವಾರ್ನಿಷ್ ಎಳೆದೆ. ಎಂಥ ಹೊಳಪು ಅಂತೀರಿ! ಬಂಗಲೆಯ ಹೆಂಚಿನಲ್ಲಿ ನನ್ನ ಮುಖ ಕಂಡಿತು, ಖಾಯಂ ಆದವನ ಮುಖ. ಕಂಬಳಿ ಹೊದಿಸಿ, ಎರಡೂ ಬೀಗ ಹಾಕಿ, ಕೀಲಿಕೈ ಜನಿವಾರಕ್ಕೆ ಕಟ್ಟಿಕೊಂಡು ಮಲಗಿದೆ.

ಬೆಳಿಗ್ಗೆ ಪೆಟ್ಟಿಗೆ ತೆರೆದು ಕಂಬಳಿ ಎತ್ತಲು ಹೋದರೆ ಕಂಬಳಿಯ ಜೊತೆಗೆ ಎಸ್ಟೇಟೂ ಎದ್ದು ಬಂತು. ಹೇಗೋ ಬಿಡಿಸಿದೆ. ಹೆಂಚಿನ ಮೇಲೆಲ್ಲ ಬೇಸಿಗೆಯಲ್ಲಿ ಒಡೆದ ಕೆರೆಯಂಗಳದ ಹಾಗೆ ಬಿರುಕು. ಬಿರುಕಿನ ಸಂದುಗಳಿಂದ ಹಸಿ ಕೆಂಪು ಬಣ್ಣ ಜಿನುಗುತ್ತಿತ್ತು. ಗೋಡೆ ಸುಕ್ಕುಗಟ್ಟಿತ್ತು. ಬೆರಳಿಟ್ಟರೆ ಬೆರಳು ಒಳಗಿಳಿಯಿತು. ಎಲ್ಲದರ ಮೇಲೂ ಕಂಬಳಿಯ ಕರಿಕೂದಲು ಅಂಟಿಕೊಂಡು, ಇಡೀ ಎಸ್ಟೇಟಿಗೆ ಮೈಮೇಲೆ ರೋಮ ಬಂದಂತಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ನಿಜವಾಗಿಯೂ ಬಂತು. ಜಾನಕಿ ಬಂದು ನೋಡಿದಳು. ಅಕ್ಕಿ ನೆನೆಹಾಕಿದ ಪಾತ್ರೆ ಎತ್ತಿಕೊಂಡು ಪಕ್ಕದ ಮನೆಗೆ ಹೊರಟಳು. ಅವಳು ಆಡಿಕೊಂಡಿದ್ದರೇ ವಾಸಿಯಿತ್ತು.

ದುಃಖ ಸ್ವಲ್ಪ ಇಳಿದ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ಬಣ್ಣ ಶುದ್ಧ, ವಾರ್ನಿಷ್ ಶುದ್ಧ, ಮರ ಪೂರ್ತಿ ನುಂಗಿದೆ. ಹಾಗಾದರೆ ಇದು ಯಾರದೋ ಕೈವಾಡ. ಬೀಗ ಎರಡೂ ಭದ್ರವಾಗಿದ್ದವು ನಿಜ. ಆದರೆ ಮರದ ಕೆಲಸ ಬಲ್ಲವನಿಗೆ ಬೀಗ ಯಾವ ಲೆಕ್ಕ? ಪೆಟ್ಟಿಗೆಯ ತಳ ಬಿಚ್ಚಿ ಮತ್ತೆ ಹೊಡೆದಿರಬಹುದು. ಕವುಚಿ ನೋಡಿದೆ; ತಳದ ಮೊಳೆಗಳೆಲ್ಲ ತುಕ್ಕು ಹಿಡಿದಿದ್ದವು. ಎಷ್ಟು ಜಾಣ ನೋಡಿ, ತುಕ್ಕು ಹಿಡಿದ ಮೊಳೆಯನ್ನೇ ಹುಡುಕಿ ತಂದಿದ್ದಾನೆ.

ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ. "ಸಾರ್, ನಾನು ಯಾರ ಹೆಸರನ್ನೂ ಹೇಳೋನಲ್ಲ. ಆದ್ರೆ ಈ ಶಾಲೇಲಿ ಗರಗಸ ಹಿಡಿಯೋರು ಒಬ್ರೇ ಇರೋದು" ಎಂದೆ.

ರಾಮರಾಯರು ನಶ್ಯ ಏರಿಸಿ ನಿಧಾನವಾಗಿ ಮೂಗೊರೆಸಿಕೊಂಡರು. "ಗರಗಸಕ್ಕೂ ವಾರ್ನಿಷಿಗೂ ಏನ್ರೀ ಸಂಬಂಧ?"

"ಅದನ್ನೇ ಸಾರ್ ವಿಚಾರಣೆ ಮಾಡ್ಬೇಕಾದ್ದು" ಎಂದೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಬೆಳ್ಯಪ್ಪನವರು, ರಿಪೇರಿ ಮಾಡಿದ ಸ್ಟೂಲು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖ ಕೆಂಪಾಗಿತ್ತು. "ನಾನು ಮುಟ್ಟಿಲ್ಲೆ ಸಾರ್" ಎಂದಷ್ಟೇ ಹೇಳಿ ಸ್ಟೂಲನ್ನು ಕೆಳಗಿಟ್ಟರು. ರಾಮರಾಯರಿಗೆ ಜಗಳವೆಂದರೆ ಆಗದು. ಉತ್ತಯ್ಯನವರು ಮಾಡೆಲ್ ನೋಡಲು ಜೀಪು ಕಳಿಸಿದ್ದಾರೆ, ಇಬ್ಬರೂ ತೆಗೆದುಕೊಂಡು ಹೋಗಿ, ಆದದ್ದನ್ನು ಅವರಿಗೇ ಹೇಳಿ ಎಂದರು. ನಾನು ಹೊರಡುವಾಗ ನನ್ನೊಬ್ಬನಿಗೇ ಕೇಳುವಂತೆ, "ಸುಳ್ಳು ಹೇಳ್ಬೇಡಿ. ನಿಜಾನೂ ಜಾಸ್ತಿ ಹೇಳ್ಬೇಡಿ" ಎಂದರು.

ಗಾಳಿಬೀಡಿನ ದಾರಿಯುದ್ದಕ್ಕೂ ಪೆಟ್ಟಿಗೆ ನಮ್ಮಿಬ್ಬರ ತೊಡೆಯ ಮೇಲೆ. ಒಂದೊಂದು ತಿರುವಿಗೂ ಅದು ಅವರ ಕಡೆ ಜಾರಿದರೆ ನಾನು ಹಿಡಿದೆ, ನನ್ನ ಕಡೆ ಜಾರಿದರೆ ಅವರು ಹಿಡಿದರು. ಒಮ್ಮೆ ಜೀಪು ಗುಂಡಿಗೆ ಇಳಿದಾಗ ಅವರು ತಮ್ಮ ಮೊಣಕೈ ಕೊಟ್ಟು ಪೆಟ್ಟಿಗೆಯನ್ನು ಉಳಿಸಿದರು. ಅದೂ ಒಂದು ನಾಟಕವಿರಬೇಕೆಂದು ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಎಸ್ಟೇಟಿನಲ್ಲಿ ಉತ್ತಯ್ಯನವರು ತೋಟದೊಳಗೆ ಹೋಗಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನಮ್ಮನ್ನು ಕಣದ ಹತ್ತಿರ ಕಾಯಲು ಹೇಳಿದರು. ನಾನು ಅಂಗೈಯಗಲಕ್ಕೆ ಮಾಡಿದ್ದ ಕಣ ಅಲ್ಲಿ ಬಯಲಿನಷ್ಟಿತ್ತು, ಮೇಲೆ ತೊಳೆದ ಕಾಫಿ ಬೆಳ್ಳಗೆ ಹರಡಿತ್ತು, ನಮ್ಮ ರವೆಯ ಹಾಗೆಯೇ. ಹೆಂಗಸೊಬ್ಬಳು ಹಲಗೆಕೋಲಿನಿಂದ ಕಾಫಿಯನ್ನು ಎಳೆದು ಎಳೆದು ತಿರುವಿಹಾಕುತ್ತಿದ್ದಳು. ಇವತ್ತು ಮೂಟೆ ಕಟ್ಟಬಹುದೇ ಎಂದು ರೈಟರು ಕೇಳಿದರು. ಅವಳು ಕೋಲು ನಿಲ್ಲಿಸಿ ಹೇಳಿದಳು:

"ಈ ಬದಿದ್ದು ನುಂಗಿದೆ ರೈಟ್ರೆ. ಆ ಬದಿದ್ದು ನುಂಗ್ಲಿಲ್ಲ. ನುಂಗದೆ ಮುಚ್ಚಿಟ್ರೆ ಬೂಷ್ಟು ಹಿಡಿದು ಹಾಳಾಗ್ತದೆ."

ನಾನು ಕಾಫಿಯನ್ನು ನೋಡಿದೆ. ಕಾಫಿ ಏನನ್ನು ನುಂಗುತ್ತದೆ? "ರೈಟ್ರೇ, ಯಾರು ಏನನ್ನ ನುಂಗ್ಬೇಕು?" ಎಂದು ಕೇಳಿದೆ. ರೈಟರು ನಕ್ಕುಬಿಟ್ಟರು. "ಯಾರೂ ಏನೂ ನುಂಗುದು ಬೇಡ ಮೇಷ್ಟ್ರೆ. ಅವಳು ತುಳುವಿನವಳು. ತುಳುವಲ್ಲಿ ನುಂಗುದು ಅಂದ್ರೆ ಒಣಗುದು."

ಕಣದ ಬಿಸಿಲು ಒಮ್ಮೆಲೇ ನನ್ನ ನೆತ್ತಿಗೆ ಏರಿದಂತಾಯಿತು. ಲಾಯ್ಕ ನುಂಗ್ಬೇಕು. ನುಂಗದೆ ವಾರ್ನಿಷ್ ಮುಟ್ಟಿಸ್ಲಿಕ್ಕಿಲ್ಲ. ಕೆಲವು ಬೇಗ ನುಂಗ್ತದೆ, ಕೆಲವು ತಡ. ಅಂದರೆ ಒಣಗಬೇಕಿತ್ತು. ಒಂದೇ ಕೋಟು ಹಚ್ಚಿ, ಗಾಳಿಗೆ ಇಟ್ಟು, ಪೂರ್ತಿ ಒಣಗಿಸಬೇಕಿತ್ತು. ನಾನು ಹಸಿಯ ಮೇಲೆ ಹಸಿ ಬಳಿದು, ಗಾಳಿಯಾಡದ ಪೆಟ್ಟಿಗೆಯಲ್ಲಿ ಕಂಬಳಿ ಹೊದಿಸಿ, ಎರಡು ಬೀಗ ಹಾಕಿದ್ದೆ. ಕೆಳಗೆ ಎಣ್ಣೆ ಇನ್ನೂ ಹಸಿ, ಮೇಲೆ ಸ್ಪಿರಿಟ್ಟಿನ ಅರಗು ಒಂದೇ ಗಳಿಗೆಯಲ್ಲಿ ಗ್ಯಾಸ್‌ಲೈಟಿನ ಗಾಜಿನಂತೆ ಬಿರುಸು. ಒಡೆಯದೆ ಏನು ಮಾಡೀತು? ಪಕ್ಕಕ್ಕೆ ನೋಡಿದೆ. ಬೆಳ್ಯಪ್ಪನವರು ನನ್ನನ್ನೇ ನೋಡುತ್ತಿದ್ದರು. ಹಿಂದಿನ ವಾರ ಸ್ಟಾಫ್ ರೂಮಿನಲ್ಲಿ ನಾನು "ಮರ ಚೆನ್ನಾಗಿ ನುಂಗ್ತಾ ಇದೆ" ಎಂದು ಪಂಡಿತನಂತೆ ಹೇಳಿದ್ದು ಅವರಿಗೆ ನೆನಪಾಗಿತ್ತೆಂದು ಮುಖದಲ್ಲೇ ಗೊತ್ತಾಯಿತು. ಈಗ ಒಂದು ಮಾತು ಹೇಳಿದರೆ ಸಾಕು, ಖಾಯಂ ಅವರದು.

ಉತ್ತಯ್ಯನವರು ಬಂದರು. ಖಾಕಿ ಚಡ್ಡಿ, ಕೈಯಲ್ಲಿ ಬೆತ್ತ, ಹಿಂದೆ ನಾಯಿ. ಪೆಟ್ಟಿಗೆ ತೆಗೆದು ತೋರಿಸಿದೆವು. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ನಾಯಿಯೂ ಮೂಸಿ ಹಿಂದೆ ಸರಿಯಿತು.

"ಇದೆಂಥದು ಮಾಷ್ಟ್ರೆ? ನನ್ನ ಬಂಗಲೆಗೆ ಮೀಸೆ ಬಂದಿದೆ."

ನನ್ನ ಬಾಯಿ ಒಣಗಿತ್ತು. ಆ ಹೊತ್ತಿನಲ್ಲಿ ಸರಿಯಾಗಿ ನುಂಗಿದ್ದು ಅದೊಂದೇ. "ಯಾರು ಮಾಡಿದ್ದು ಹೀಗೆ?" ಎಂದರು ಉತ್ತಯ್ಯನವರು. ನಾನು ನೆಲ ನೋಡಿದೆ. ಬೆಳ್ಯಪ್ಪನವರು ಕಿವಿಯ ಮೇಲಿನ ಪೆನ್ಸಿಲನ್ನು ಸರಿಮಾಡಿಕೊಂಡು ಹೇಳಿದರು: "ಮಂಜು ಸಾರ್. ಈ ಸಲ ಮಂಜು ಜಾಸ್ತಿ ಉಟ್ಟು. ಎಣ್ಣೆಬಣ್ಣ ಒಣಗುದೇ ಇಲ್ಲೆ."

ಉತ್ತಯ್ಯನವರು ತಲೆಯೆತ್ತಿ ಆಕಾಶ ನೋಡಿದರು. ಚೂರು ಮೋಡವಿರಲಿಲ್ಲ. "ಮಂಜು" ಎಂದರು. "ಮಂಜಿಗೆ ಕರಿಕೂದಲು ಉಂಟಾ?" ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, "ಆಯ್ತು, ಕಮಿಷನರ್ ಬರುವ ಮೊದಲು ಇದಕ್ಕೆ ಕ್ಷೌರ ಮಾಡಿಸಿ ತನ್ನಿ" ಎಂದು ಹೊರಟುಹೋದರು.

ಕ್ರಾಫ್ಟ್ ರೂಮಿನಲ್ಲಿ ಇಬ್ಬರೂ ಕೂತು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಚಾಕುವಿನಿಂದ ಕೆರೆದು, ಮರಳುಕಾಗದ ತಿಕ್ಕಿ, ನಾನು ಬಡಿಸಿದ್ದನ್ನೆಲ್ಲ ಕಕ್ಕಿಸಿದೆವು. ಎಣ್ಣೆಬಣ್ಣದ ಸಹವಾಸವೇ ಬೇಡವೆಂದು, ನನಗೆ ಬರುವುದನ್ನೇ ಮಾಡಿದೆ: ಹೆಂಚಿಗೆ ಕೆಮ್ಮಣ್ಣು, ಗೋಡೆಗೆ ಸುಣ್ಣ, ಬಾಗಿಲಿಗೆ ನೀರುಬಣ್ಣ, ಎಲ್ಲಕ್ಕೂ ಗೋಂದು. ಜಗಲಿಯಲ್ಲಿ ಗಾಳಿಗೆ ಇಟ್ಟೆವು. ವಾರ್ನಿಷ್ ಡಬ್ಬಿಯನ್ನು ಮುಟ್ಟಲಿಲ್ಲ. ಒಣಗುವುದನ್ನು ಕಾಯುತ್ತ ಕೂತಾಗ ನನಗೆ ತಡೆಯಲಾಗಲಿಲ್ಲ.

"ನನಗೋಸ್ಕರ ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳು ಎಂತ ಉಟ್ಟು ಅದರಲ್ಲಿ?" ಎಂದರು ಬೆಳ್ಯಪ್ಪನವರು, ಪಲ್ಪರ್ ಮನೆಯ ಚಕ್ರ ತಿರುಗಿಸಿ ನೋಡುತ್ತ. "ಮಂಜು ಇತ್ತಲ್ಲ. ಹೊರಗೆ ಅಲ್ಲ, ನಿಮ್ಮ ತಲೆಯಲ್ಲಿ."

ಪ್ರದರ್ಶನದಲ್ಲಿ ಮಾಡೆಲ್ ನೋಡಲು ಕುಂಬಳಕಾಯಿಗಿಂತ ಹೆಚ್ಚು ಜನ ಸೇರಿದರು. ಹೊಳಪಿಲ್ಲವೆಂದು ನಾನು ಅಂಜುತ್ತಿದ್ದೆ. ಉತ್ತಯ್ಯನವರು ಮಾತ್ರ, "ಇದು ಸರಿ. ಹೊಳೆಯುವ ಹೆಂಚು ನಮ್ಮ ಎಸ್ಟೇಟಿನಲ್ಲಿ ಎಲ್ಲಿ ಉಂಟು?" ಎಂದರು. ಚೀಫ್ ಕಮಿಷನರು ಕಣದಿಂದ ಒಂದು ಚಿಟಿಕೆ ರವೆ ಕಿತ್ತು ಮೂಸಿ, ಒಳ್ಳೆಯ ಕಾಫಿ ಎಂಬಂತೆ ತಲೆಯಾಡಿಸಿ ಮುಂದೆ ಹೋದರು. ಅವರೂ ನನ್ನ ಹಾಗೆ ಮೂಸಿ ನೋಡುವವರು ಎಂದು ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ಬೇಸಿಗೆ ರಜೆಗೆ ಮೊದಲು ಕಮಿಟಿ ಕೂತಿತು. ಖಾಯಂ ಆದದ್ದು ನಾನು. ಮಾಡೆಲ್ಲಿನ ಚಂದವೆಲ್ಲ ಡ್ರಾಯಿಂಗ್ ಮೇಷ್ಟ್ರ ಕೈಯದು ಎಂದು ಬೆಳ್ಯಪ್ಪನವರೇ ಹೇಳಿದರೆಂದು ರಾಮರಾಯರು ತಿಳಿಸಿದರು. ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣು ಇನ್ನೂ ಒಣಗುವ ಮೊದಲೇ, ಬೆಳ್ಯಪ್ಪನವರಿಗೆ ಅರಣ್ಯ ಇಲಾಖೆಯ ಮರದ ಡಿಪೋದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿದೆಯೆಂಬ ಸುದ್ದಿ ಬಂತು. ಅಲ್ಲಿಗೆ ನನ್ನ ತಲೆಯೊಳಗೆ ಮಂಜು ಮತ್ತೆ ಇಳಿಯಿತು. ಡಿಪೋದ ಆರ್ಡರು ಮೊದಲು ಬಂದು ಆಮೇಲೆ ನನ್ನನ್ನು ಹೊಗಳಿದರೋ, ಹೊಗಳಿದ ಮೇಲೆ ಆರ್ಡರು ಬಂತೋ? ಅಂಚೆಯವನನ್ನು ವಿಚಾರಿಸಿದೆ. ಅವನಿಗೆ ನೆನಪಿರಲಿಲ್ಲ, ಅಥವಾ ಹಾಗೆಂದು ಅವನು ಹೇಳಿದ.

ಜಾನಕಿಯ ರುಬ್ಬುವ ಕಲ್ಲು ಕುಶಾಲನಗರದ ಮೇಲಾಗಿ ಬಸ್ಸಿನ ಮೇಲೆ ಬಂತು. ಇದು ನಮ್ಮದೇ ಕಲ್ಲೇ, ದಾರಿಯಲ್ಲಿ ಯಾರಾದರೂ ಬದಲಾಯಿಸಿದರೇ ಎಂದು ನಾನು ತಟ್ಟಿ ನೋಡುತ್ತಿದ್ದಾಗ ಅವಳು, "ಕೈ ತೆಗೀರಿ, ಗುಂಡು ಬಿಡ್ತೀನಿ" ಎಂದಳು. ಅವತ್ತು ನಮ್ಮ ಮನೆಯಲ್ಲೇ ರುಬ್ಬಿದ ಹಿಟ್ಟಿನ ದೋಸೆ. ಐತಪ್ಪ ಕೂಡ ಆ ತಿಂಗಳು ಡೈರಿಯ ಬೋರ್ಡನ್ನು 'ಶುದ್ಧ ಹಾಲು' ಎಂದು ತಿದ್ದಿದ. ಅಲ್ಲಿಂದಾಚೆಗೆ ನಾನು ಹಾಲಿನ ಅಂಗಡಿ ಬದಲಾಯಿಸಿದೆ.

ಹೊರಡುವ ದಿನ ಬೆಳ್ಯಪ್ಪನವರು ಮನೆಗೆ ಬಂದು, ದೋಸೆ ತಿಂದು, ಒಂದು ಸಣ್ಣ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಬಾಯಿಗೆ ಅರಗಿನ ಮುದ್ರೆ ಹಾಕಿತ್ತು. "ಎಣ್ಣೆ ವಾರ್ನಿಷ್ ಮೇಷ್ಟ್ರೆ, ನಾನೇ ಕಾಯಿಸಿದ್ದು. ಎಣ್ಣೆಬಣ್ಣದ ಜೊತೆ ಇದು ಜಗಳ ಆಡುದಿಲ್ಲೆ" ಎಂದು ನಕ್ಕು ಹೋದರು.

ಆ ಡಬ್ಬಿ ಈಗಲೂ ಅಡಿಗೆಮನೆಯ ನಾಗಂದಿಗೆಯ ಮೇಲಿದೆ. ಆಗಾಗ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಒಳಗೆ ಏನೋ ಕುಲುಕುತ್ತದೆ. ಮುದ್ರೆ ಒಡೆದಿಲ್ಲ. "ತೆಗೆದು ನೋಡಿ ಒಂದು ಸಲ ನಿಶ್ಚಿಂತೆ ಮಾಡ್ಕೊಳ್ಳಬಾರದೇ?" ಎಂದು ಜಾನಕಿ ರುಬ್ಬುತ್ತಲೇ ಕೇಳುತ್ತಾಳೆ. ಅವಳಿಗೆ ಹೇಗೆ ಹೇಳುವುದು? ಒಳಗೆ ಮಣ್ಣುನೀರು ಇದ್ದರೆ ನನಗೇನೂ ಹೆದರಿಕೆಯಿಲ್ಲ. ನಿಜವಾಗಿಯೂ ವಾರ್ನಿಷೇ ಇದ್ದುಬಿಟ್ಟರೆ ನಾನು ಏನು ಮಾಡಲಿ?